ನಾಲ್ಕು ಬೆರಳು ಹೆಚ್ಚು ನೀರು

ಗಂಡ ಬಾಯಿತುಂಬ ನಗುವುದನ್ನು ಅವಳು ಮೊದಲ ಸಲ ಕಂಡದ್ದು ದುರ್ಬೀನಿನಲ್ಲಿ. ಆಗ ಮದುವೆಯಾಗಿ ಹದಿನಾಲ್ಕು ವರ್ಷ ಕಳೆದಿತ್ತು.

ಮನೆಯಲ್ಲಿ ಅವನು ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಎಂದಲ್ಲ. ಕೋಪವಿಲ್ಲ, ತಾಪವಿಲ್ಲ. ಬಡಿಸಿದ್ದನ್ನು ಉಂಡು, ತಟ್ಟೆಯನ್ನು ತಾನೇ ತೊಳೆದಿಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಡುವ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ನಾಲ್ಕು ಬರೀ ‘ಹೂಂ’. “ಹುಟ್ಟಿದಾಗಲೂ ಇವನು ಅಳಲಿಲ್ಲ ಕಣೇ, ದಾದಿ ಬೆನ್ನಿಗೆ ಎರಡು ಕೊಟ್ಟ ಮೇಲೆ ಒಂದ್ಸಲ ಕೆಮ್ಮಿದ ಅಷ್ಟೆ” ಎಂದು ಅತ್ತೆ ಎಷ್ಟೋ ಸಲ ಹೇಳಿದ್ದರು. ಸೊಸೆ ಅದನ್ನು ಸಮಾಧಾನದ ಮಾತೆಂದೇ ತೆಗೆದುಕೊಂಡಿದ್ದಳು. ಮೌನ ಅವನ ಹುಟ್ಟುಗುಣ, ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುತ್ತಾನೆ, ತನಗೆ ಮಾತ್ರ ಅನ್ಯಾಯ ಮಾಡಿದ್ದೇನಿಲ್ಲ. ಹಾಗೆ ಅಂದುಕೊಂಡೇ ಆ ಮೌನದ ಜೊತೆ ಸಂಸಾರ ಮಾಡಿ, ಅದರ ಮೇಲೆ ಒಂದು ಬಗೆಯ ಪ್ರೀತಿಯನ್ನೂ ಬೆಳೆಸಿಕೊಂಡಿದ್ದಳು.

ಈಗ ನೋಡಿದರೆ, ಅರ್ಧ ಮೈಲಿ ಆಚೆಯ ಕೆಸರುಬಯಲಿನಲ್ಲಿ, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ ಅವನು ನಗುತ್ತಿದ್ದ. ಎದುರಿಗೆ ಕಡ್ಡಿ ನಿಂತಿದ್ದಳು.

ಕಡ್ಡಿ ಎಂಬುದು ಕಚೇರಿಯವರು ಇಟ್ಟ ಹೆಸರು. ಬಯಲಿನ ಗಿಡ ಎಣಿಸುವ ಅವನಿಗೆ ಸಹಾಯಕಿಯಾಗಿ ಆ ವರ್ಷವಷ್ಟೇ ಬಂದಿದ್ದಳು. ಸಪೂರ ಮೈ, ಎತ್ತರದ ನಿಲುವು, ಹೆಗಲ ಮೇಲೆ ಯಾವಾಗಲೂ ಒಂದು ಅಳತೆಕೋಲು. ದೂರದಿಂದ ನೋಡಿದರೆ ಕೋಲು ಯಾವುದು, ಹುಡುಗಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬಂದ ವಾರವೇ, ಒಡ್ಡಿನ ಮೇಲೆ ಇವಳು ಕೆಲಸ ಮಾಡುವ ಕದದ ಕೋಣೆಗೆ ಹತ್ತಿಬಂದು, ಚಕ್ರವನ್ನು ಮುಟ್ಟಿ ನೋಡಿ, “ಅಕ್ಕಾ, ಇದನ್ನ ನೀವೊಬ್ರೇ ತಿರುಗಿಸ್ತೀರಾ?” ಎಂದು ಕಣ್ಣರಳಿಸಿದ್ದಳು. ಹೆಮ್ಮೆಪಡುವಂಥ ಮಾತೇ. ಆದರೆ ಇವಳ ಮನಸ್ಸು ಹೋದದ್ದು ಬೇರೆ ಕಡೆಗೆ. ತಾನು ಅಕ್ಕ ಆದರೆ ಅವನು ಭಾವ ಆಗಬೇಕು. ಅವನು ಅಣ್ಣ ಆದರೆ ತಾನು ಅತ್ತಿಗೆ. ಈ ಹುಡುಗಿ ತನ್ನನ್ನು ಅಕ್ಕ ಎನ್ನುತ್ತಾಳೆ, ಅವನನ್ನು ‘ಸಾರ್’ ಎನ್ನುತ್ತಾಳೆ. ಸಾರ್ ಎಂಬುದು ಯಾವ ನೆಂಟಸ್ತಿಕೆ?

ಇವಳ ಕೆಲಸ ಕದದ್ದು. ನದಿ ಕಡಲಿಗೆ ಸೇರುವ ಬಾಯಿಗೆ ಅಡ್ಡಲಾಗಿ ಒಂದು ಒಡ್ಡು, ಒಡ್ಡಿನಲ್ಲಿ ಏಳು ಕಬ್ಬಿಣದ ಕದಗಳು. ನಾಲ್ಕಕ್ಕೆ ಮೋಟಾರು ಇತ್ತು. ಉಳಿದ ಮೂರನ್ನು ಚಕ್ರ ತಿರುಗಿಸಿ ಏರಿಸಬೇಕು, ಇಳಿಸಬೇಕು. ಹತ್ತು ವರ್ಷ ಆ ಚಕ್ರ ತಿರುಗಿಸಿ ಅವಳ ತೋಳು ಗಟ್ಟಿಯಾಗಿ, ಹಳೆಯ ರವಿಕೆಗಳೆಲ್ಲ ಬಿಗಿಯಾಗಿ ಬಿಟ್ಟಿದ್ದವು.

ಒಡ್ಡು ಕಟ್ಟಿದ್ದು ಅವಳು ಹುಟ್ಟುವ ಮುಂಚೆ. ಕಟ್ಟಿದಾಗ ಕಡಲ ನೀರು ಒಳಗೆ ಬರುವುದು ನಿಂತಿತು, ಉಬ್ಬರವಿಳಿತ ನಿಂತಿತು, ಒಳಗಿನ ನೀರು ಸಿಹಿಯಾಗಿ ಒಂದೇ ಮಟ್ಟದಲ್ಲಿ ತೆಪ್ಪಗೆ ಬಿದ್ದುಕೊಂಡಿತು. ಉಪ್ಪನ್ನೇ ನಂಬಿ ಬದುಕಿದ್ದ ಗಿಡಗಳು ಒಂದೊಂದಾಗಿ ಹೋದವು. ಅವುಗಳ ಜಾಗಕ್ಕೆ ಜೊಂಡು ಬಂತು. ಆಳೆತ್ತರ ಬೆಳೆದು, ಬೇರೆ ಯಾವ ಗಿಡಕ್ಕೂ ಬಿಸಿಲು ಬೀಳದಂತೆ ನಿಂತಿತು. ನಾಲ್ಕು ವರ್ಷದ ಹಿಂದೆ ಮೇಲಿನವರ ಮನಸ್ಸು ಬದಲಾಯಿತು. ಉಬ್ಬರದಲ್ಲಿ ಕಡಲ ನೀರನ್ನು ಗೊತ್ತಾದ ಗುರುತಿನವರೆಗೆ ಒಳಗೆ ಬಿಡುವುದು, ಇಳಿತದಲ್ಲಿ ಹೊರಗೆ ಬಿಡುವುದು. ಹೀಗೆ ಮಾಡಿದರೆ ಹಳೆಯ ಗಿಡಗಳು ಮರಳಿ ಬರುತ್ತವೋ ಇಲ್ಲವೋ ನೋಡುವುದು. ಬಿಡುವ ಕೆಲಸ ಹೆಂಡತಿಯದು, ನೋಡುವ ಕೆಲಸ ಗಂಡನದು. ಬಯಲಿನಲ್ಲಿ ಗೂಟ ಹೊಡೆದು ಹಗ್ಗ ಎಳೆದ ಅರವತ್ತು ಚೌಕಗಳಿದ್ದವು. ಹದಿನೈದು ದಿನಕ್ಕೊಮ್ಮೆ ಒಂದೊಂದರ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು ಯಾವ ಗಿಡ ಎಷ್ಟಿದೆ ಎಂದು ಅವನು ಎಣಿಸಬೇಕು, ಕಡ್ಡಿ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಉಪ್ಪುಗಿಡ. ಎಲೆಯಿಲ್ಲ; ಗಂಟುಗಂಟಾದ ದಪ್ಪ ಹಸಿರು ಕಾಂಡ ಅಷ್ಟೆ; ಕಚ್ಚಿದರೆ ಬಾಯಿತುಂಬ ಉಪ್ಪುನೀರು. ಅದು ಬೇರೂರಿದ ಮೇಲೆ ಉಳಿದವು ಹಿಂದೆಯೇ ಬರುತ್ತವೆ. ಆದರೆ ಅದರ ಮೊಳಕೆಗೆ ಒಂದು ಹಟ. ಬೇರು ಕೆಸರಿಗೆ ಇಳಿಯಲು ಮೂರು ದಿನ ನೀರು ಸೋಕದೆ ಇರಬೇಕು. ಎರಡನೆಯ ದಿನ ನೀರು ಬಂತೋ, ಎದ್ದು ತೇಲಿಕೊಂಡು ಹೋಗುತ್ತದೆ. ಹಾಗಾಗಿ ಮೊಳಕೆಯ ಎರಡು ತಿಂಗಳಲ್ಲಿ, ಹದಿನೈದು ದಿನಕ್ಕೊಮ್ಮೆ ಉಬ್ಬರ ಸಣ್ಣದಾಗುವ ಪ್ರತಿ ಸರದಿಯಲ್ಲೂ, ಮೂರು ದಿನ ಒಳಗಿನ ನೀರು ಅಳತೆಪಟ್ಟಿಯ ನೂರ ಹತ್ತು ಸೆಂಟಿಮೀಟರನ್ನು ದಾಟಬಾರದು ಎಂದು ಲಿಖಿತ ಆದೇಶವಿತ್ತು. ಆ ಮೂರು ದಿನ ಮೇಲಿನ ಬಯಲು ನಡೆಯುವಷ್ಟು ಒಣಗುವುದರಿಂದ ಎಣಿಕೆಯೂ ಆಗಲೇ ನಡೆಯುತ್ತಿತ್ತು.

ನಗು ಕಂಡದ್ದು ಅಂಥ ಒಂದು ದಿನ. ದುರ್ಬೀನು ಇದ್ದದ್ದು ಕದಕ್ಕೆ ಮರದ ದಿಮ್ಮಿ ತೇಲಿ ಬರುತ್ತಿದೆಯೇ ಎಂದು ನೋಡಲು. ಅವಳು ಅದನ್ನು ಕಣ್ಣಿಂದ ತೆಗೆಯದೆ ನಿಂತುಬಿಟ್ಟಳು. ಅವನ ಬಾಯಿ ಆಡುತ್ತಿತ್ತು. ಕೈ ಎತ್ತಿ ಏನೋ ತೋರಿಸುತ್ತಿದ್ದ. ಮತ್ತೆ ಬಾಯಿ ಆಡುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ತನಗೆ ಬಂದ ಮಾತುಗಳನ್ನೆಲ್ಲ ಒಟ್ಟುಗೂಡಿಸಿದರೂ ಇಷ್ಟಾಗಲಿಕ್ಕಿಲ್ಲ ಅನ್ನಿಸಿತು. ಎಚ್ಚರವಾಗಿ ಅಳತೆಪಟ್ಟಿ ನೋಡಿದಾಗ ನೀರು ನೂರ ಹದಿನೇಳಕ್ಕೆ ಹತ್ತಿತ್ತು. ನಾಲ್ಕು ಬೆರಳು ಹೆಚ್ಚು. ಓಡಿಹೋಗಿ ಚಕ್ರ ತಿರುಗಿಸಿ ಕದ ಇಳಿಸುವಷ್ಟರಲ್ಲಿ ಬಯಲಿನ ಮೇಲೆ ನೀರು ಕನ್ನಡಿಯ ಹಾಗೆ ತೆಳ್ಳಗೆ ಹರಡಿಯಾಗಿತ್ತು. ಇಬ್ಬರೂ ಗಡಿಬಿಡಿಯಲ್ಲಿ ಚೀಲ ಕಟ್ಟಿಕೊಂಡು ಹೊರಟರು.

ಆ ದಿನ ಅವನು ಎರಡು ಗಂಟೆ ಮುಂಚೆ ಬಂದ. ಕದದ ಕೋಣೆಯಲ್ಲಿ ಕೂತು ಅವಳು ಕೊಟ್ಟ ಚಹಾ ಕುಡಿದ. ‘ಕಡಲಗಾಳಿ ಇರಬೇಕು, ನೀರು ತಳ್ಳಿಬಿಡ್ತು’ ಎಂದ. ತಾನಾಗಿಯೇ ಆಡಿದ ಮಾತು. ಅವಳು ನೀರಿನ ಮಟ್ಟ ಬರೆಯುವ ರಿಜಿಸ್ಟರಿನಲ್ಲಿ ನೂರ ಹತ್ತು ಎಂದು ಬರೆದಳು.

ಅಲ್ಲಿಂದ ಶುರುವಾಯಿತು. ಮುಂದಿನ ಸರದಿಯಲ್ಲಿ ಅವಳು ಮರೆಯಲಿಲ್ಲ. ನೀರು ನೂರ ಹತ್ತನ್ನು ಮುಟ್ಟಿದ್ದನ್ನು ನೋಡಿದಳು, ಚಕ್ರದ ಮೇಲೆ ಕೈಯಿಟ್ಟಳು, ಬಯಲಿನ ಕಡೆ ತಿರುಗಿದಳು. ಕಡ್ಡಿ ಬಗ್ಗಿ ಅವನ ಬೂಟಿನ ಕೆಸರನ್ನು ಕೋಲಿನಿಂದ ಕೆರೆದು ತೆಗೆಯುತ್ತಿದ್ದಳು, ಅವನು ಅವಳ ಹೆಗಲ ಮೇಲೆ ಕೈಯೂರಿ ಒಂಟಿಗಾಲಿನಲ್ಲಿ ನಿಂತಿದ್ದ. ಕೆಸರಿನಲ್ಲಿ ನಡೆಯುವವರೆಲ್ಲ ಮಾಡುವುದೇ ಅದು. ಗೊತ್ತಿತ್ತು. ಕೈಯನ್ನು ಚಕ್ರದಿಂದ ತೆಗೆದು, ಇಪ್ಪತ್ತು ನಿಮಿಷ ಸೊಂಟದ ಮೇಲೆ ಇಟ್ಟುಕೊಂಡು ನಿಂತಳು.

ಅನುಮಾನ ಎಂದರೆ ಜನ ಅಂದುಕೊಳ್ಳುವಂಥದ್ದು ಅವಳಿಗೆ ಇರಲಿಲ್ಲ. ಗಂಡ ದಾರಿ ತಪ್ಪಿದ್ದಾನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಹಾಗೆ ಅನ್ನಿಸಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ಅತ್ತೆಯನ್ನು ತನ್ನ ಕಡೆಗೆ ಎಳೆದುಕೊಳ್ಳಬಹುದಿತ್ತು. ಇದಕ್ಕೆ ಜಗಳವೂ ಒದಗುವುದಿಲ್ಲ. ಗಂಡ ಬೇರೊಬ್ಬಳ ಜೊತೆ ಮಾತಾಡುತ್ತಾನೆ ಎಂದು ಯಾರ ಮುಂದೆ ಹೇಳುವುದು? ಮಾತೇ ತಾನೆ ಎನ್ನುತ್ತಾರೆ. ಹೌದು, ಮಾತೇ. ಅವಳಿಗೆ ಬೇಕಾದದ್ದೂ ಅದೇ.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. ಅತ್ತೆ ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದರು.

“ಇವತ್ತು ಬಯಲಲ್ಲಿ ಅಷ್ಟೊಂದು ನಗ್ತಿದ್ರಲ್ಲ, ಏನದು?”

“ಯಾವಾಗ?”

“ಹನ್ನೊಂದು ಗಂಟೆ ಹೊತ್ತಿಗೆ.”

ಅವನು ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದು ಇನ್ನೂ ಕಷ್ಟ. “ನೆನಪಿಲ್ಲ” ಎಂದ.

“ಇವನು ನಕ್ಕನಾ?” ಎಂದು ಅತ್ತೆ ಬಟಾಣಿ ಬಿಟ್ಟು ತಲೆಯೆತ್ತಿದರು. “ಕೆಮ್ಮಿರಬೇಕು, ಸರಿಯಾಗಿ ನೋಡು.”

ಆ ವರ್ಷ ನಾಲ್ಕು ಸರದಿ, ಮರುವರ್ಷ ನಾಲ್ಕು. ಎಂಟರಲ್ಲಿ ಏಳು ಸಲ ನೀರು ಗುರುತು ದಾಟಿತು. ಒಂದು ಸಲ ಮಾತ್ರ ದಾಟಲಿಲ್ಲ. ಆ ವಾರ ಕಡ್ಡಿ ಜ್ವರವೆಂದು ರಜೆ ಹಾಕಿದ್ದಳು. ಅವನೊಬ್ಬನೇ ಚೌಕದಿಂದ ಚೌಕಕ್ಕೆ ಹೋದ, ತಾನೇ ಎಣಿಸಿ ತಾನೇ ಬರೆದ, ದುರ್ಬೀನಿನಲ್ಲಿ ಅವನ ತುಟಿ ಒಮ್ಮೆಯೂ ಅಲುಗಲಿಲ್ಲ. ಅವಳು ನೂರ ಹತ್ತಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಕದ ಇಳಿಸಿದಳು. ಮೂರು ದಿನ ಬಯಲಿಗೆ ಬಿಸಿಲು ಬಿತ್ತು. ಮೂರು ದಿನವೂ ಅವಳಿಗೆ ಹಿತವಾಗಿ ನಿದ್ದೆ ಬಂತು.

ಗಿಡಗಳ ವಿಷಯ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದೆರಡು ದಿನ ನಾಲ್ಕು ಬೆರಳು ನೀರು ಹೆಚ್ಚಾದರೆ ಇಷ್ಟು ದೊಡ್ಡ ಬಯಲಿಗೆ ಏನಾದೀತು ಎಂದುಕೊಳ್ಳುತ್ತಿದ್ದಳು. ಮನಸ್ಸು ತಪ್ಪು ಮಾಡುವಾಗ ಲೆಕ್ಕವನ್ನು ಯಾವಾಗಲೂ ಸಣ್ಣದಾಗಿಯೇ ತೋರಿಸುತ್ತದೆ. ಆದರೆ ಎರಡನೆಯ ವರ್ಷದ ಕೊನೆಗೆ ಕದದ ಕೋಣೆಯಿಂದ ಬರಿಗಣ್ಣಿಗೂ ಕಾಣತೊಡಗಿತು. ಕೆಳಗಿನ ಅಂಚಿನಲ್ಲಿ, ಮೊದಲ ವರ್ಷಗಳಲ್ಲಿ ಬಂದ ಹಳೆಯ ಉಪ್ಪುಗಿಡಗಳ ಒಂದು ಹಸಿರು ಪಟ್ಟಿ. ಅದರ ಮೇಲೆ, ಈ ಎರಡು ವರ್ಷದಲ್ಲಿ ತುಂಬಿಕೊಳ್ಳಬೇಕಿದ್ದ ಜಾಗದಲ್ಲಿ, ಬೋಳು ಕೆಸರು. ಆ ಬೋಳಿನೊಳಕ್ಕೆ ದಡದ ಕಡೆಯಿಂದ ಜೊಂಡು ಸದ್ದಿಲ್ಲದೆ ಬೇರು ಹರಿಸುತ್ತಿತ್ತು. ಯಾರೋ ಬೇಕೆಂದೇ ಗೀಚಿ ಅಳಿಸಿದ ಹಾಗಿತ್ತು ಆ ಬೋಳು ಪಟ್ಟಿ. ಅದರ ಕಡೆ ನೋಡುವುದನ್ನು ಅವಳು ಬಿಟ್ಟಳು.

ಮೇಲಿನ ಕಚೇರಿಯ ಇಂಜಿನಿಯರು ಗುರುವಾರ ಬರುತ್ತಾರೆ ಎಂದು ಸುದ್ದಿ ಬಂತು. ಮೇಲಿನ ಬಯಲು ಹಸಿರಾಗದಿದ್ದರೆ ಕದಗಳನ್ನು ಮತ್ತೆ ಕಾಯಮ್ಮಾಗಿ ಮುಚ್ಚಿ, ಒಳಗಿನ ನೀರನ್ನು ಮೊದಲಿನಂತೆ ಒಂದೇ ಮಟ್ಟದಲ್ಲಿ ನಿಲ್ಲಿಸುವ ಆಲೋಚನೆ ಇತ್ತಂತೆ. ಹಾಗಾದರೆ ಉಳಿದ ಹಸಿರು ಪಟ್ಟಿಯೂ ಒಂದೆರಡು ವರ್ಷದಲ್ಲಿ ಜೊಂಡಿನ ಪಾಲು. ಗಂಡನ ಆರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಅವನು ಮಂಗಳವಾರ ಇಡೀ ದಿನ, ಬುಧವಾರ ಬೆಳಿಗ್ಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ವರದಿ ಬರೆದ.

ಬುಧವಾರ ಮಧ್ಯಾಹ್ನ ಅವನು ಟೈಪು ಮಾಡಿಸಲು ಹೋಗಿದ್ದಾಗ, ಎಣಿಕೆ ಬರೆಯುವ ಬಯಲಿನ ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಬಿಚ್ಚಿಕೊಂಡು ಬಿದ್ದಿತ್ತು. ಸೋಮವಾರ ಬಯಲಿನಲ್ಲಿ ಒದ್ದೆಯಾದದ್ದನ್ನು ಒಣಗಲು ಇಟ್ಟಿದ್ದ. ದಿಂಬು ಒಣಹಾಕಬೇಕು, ಆ ಪುಸ್ತಕ ತೆಗಿ ಎಂದು ಅತ್ತೆ ಹೇಳಿದರು. ಅವಳು ತೆಗೆದಳು. ಎರಡು ವರ್ಷದಿಂದ ಅದನ್ನು ಒಮ್ಮೆ ತೆರೆದು ನೋಡಬೇಕೆಂಬ ಆಸೆಯನ್ನು ಅದುಮಿಟ್ಟುಕೊಂಡಿದ್ದವಳು. ಈಗ ತೆರೆದೇ ಇತ್ತು.

ಎಣಿಕೆಯಿಲ್ಲದ ದಿನಗಳಲ್ಲಿ ಗಂಡನೂ ಕಡ್ಡಿಯೂ ಸರದಿಯ ಮೇಲೆ ಕಚೇರಿಗೆ ಬರುತ್ತಿದ್ದರು. ಒಬ್ಬರು ಇಲ್ಲದಾಗ ಇನ್ನೊಬ್ಬರಿಗೆ ತಿಳಿಯಬೇಕಾದ್ದನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿಡುವುದು ರೂಢಿ. ಅಂಥ ಒಂದು ಪುಟದಲ್ಲಿ ಎರಡು ಸಾಲು ಅಂಕಿಗಳಿದ್ದವು. ಎಡಕ್ಕೆ ‘ಕದದ ರಿಜಿಸ್ಟರು’: ಎಂಟೂ ಸಲ ನೂರ ಹತ್ತು. ಬಲಕ್ಕೆ ‘ಗೂಟದ ಮೇಲಿನ ಕೆಸರುಗೆರೆ’: ನೂರ ಹದಿನೇಳು, ನೂರ ಹದಿನೆಂಟು, ನೂರ ಹದಿನೇಳು, ಹೀಗೆ ಏಳು ಸಲ; ಒಂದು ಸಲ ಮಾತ್ರ ನೂರ ಹತ್ತು. ನೀರು ಇಳಿದ ಮೇಲೆ ಗೂಟದ ಮೇಲೆ ಉಳಿಯುವ ಗೆರೆಗೆ ಸುಳ್ಳು ಹೇಳಲು ಬರುವುದಿಲ್ಲ. ಅದರ ಕೆಳಗೆ ಎರಡು ಕೈಬರಹ.

ಅವನದು: ‘ಮೇಲಿನ ಬಯಲಿನಲ್ಲಿ ಉಳಿದಿರುವುದು ನಲವತ್ತೊಂದು ಗಿಡ. ಎಲ್ಲವೂ ಒಂದೇ ವಯಸ್ಸಿನವು. ನೀನು ಬಾರದ ವಾರ ಮೊಳೆತವು.’

ಕಡ್ಡಿಯದು: ‘ಹಾಗಾದರೆ ನನ್ನಿಂದಲೇ ಆಯಿತೇ ಸಾರ್?’

‘ನಿನ್ನಿಂದಲ್ಲ. ನನ್ನಿಂದ.’

‘ಅಕ್ಕನ ಹತ್ತಿರ ಮಾತಾಡುತ್ತೀರಾ?’

‘ಬೇಡ. ಅವಳ ಕೆಲಸ ಹೋಗುತ್ತದೆ. ಇದು ನಮ್ಮಿಬ್ಬರಲ್ಲೇ ಇರಲಿ.’

ತಾರೀಕು ನೋಡಿದಳು. ಮೂರು ತಿಂಗಳಾಗಿತ್ತು.

ಮೊದಲು ಭಯವಾಗಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಆಗಲಿಲ್ಲ ಎಂದಲ್ಲ, ಅವೆಲ್ಲ ಹಿಂದಿನ ಸಾಲಿನಲ್ಲಿ ನಿಂತಿದ್ದವು. ಮುಂದೆ ಬಂದು ಎದೆಗೆ ಒದ್ದದ್ದು ‘ನಮ್ಮಿಬ್ಬರಲ್ಲೇ’ ಎಂಬ ಮಾತು. ಎರಡು ವರ್ಷ ಅವಳು ಹೆದರಿದ್ದು ಅವರಿಬ್ಬರ ನಡುವೆ ತನಗೆ ಕಾಣದ್ದು ಏನಾದರೂ ಇದೆಯೇ ಎಂದು. ಆಗ ಏನೂ ಇರಲಿಲ್ಲ. ಕೆಸರು, ಕೋಲು, ಸುಮ್ಮನೆ ಹೊತ್ತು ಹೋಗುವ ಮಾತು. ಈಗ ಇದೆ. ಮೂರು ತಿಂಗಳಿಂದ ಇಬ್ಬರೂ ಸೇರಿ ಒಂದು ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದಾರೆ, ಆ ಗುಟ್ಟು ತಾನು. ಮೂರು ತಿಂಗಳಿಂದ ಇವನು ತನ್ನ ಎದುರು ಕೂತು ಉಂಡದ್ದು ಹುಟ್ಟುಗುಣದ ಮೌನದಲ್ಲಿ ಅಲ್ಲ; ಆ ಹುಡುಗಿಯ ಜೊತೆ ಪಾಲು ಮಾಡಿಕೊಂಡ ಮೌನದಲ್ಲಿ. ತನ್ನದು ಎಂದು ಇದ್ದ ಆ ಒಂದನ್ನೂ ಕೊಂಡುಹೋಗಿ ಅಲ್ಲಿ ಕೊಟ್ಟಿದ್ದ.

“ಪುಸ್ತಕ ತೆಗಿ ಅಂದದ್ದು, ಪುರಾಣ ಓದು ಅಂತಲ್ಲ” ಎಂದರು ಅತ್ತೆ.

ಗುರುವಾರ ಬೆಳಿಗ್ಗೆ ಎಲ್ಲರೂ ಕದದ ಕೋಣೆಯಲ್ಲಿ ಸೇರಿದರು. ಇಂಜಿನಿಯರು ದೊಡ್ಡ ಮೈಯ, ಒಳ್ಳೆಯ ಸ್ವಭಾವದ ಮನುಷ್ಯ. ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಉಳಿದವರು ನಿಂತಿದ್ದಕ್ಕೆ ಎರಡು ಸಲ ಬೇಸರ ಹೇಳಿಕೊಂಡರು. ಗಂಡ ವರದಿ ಓದಿದ. ಓದುವ ದನಿ ತಗ್ಗಿತ್ತು. ಮೇಲಿನ ಬಯಲಿನಲ್ಲಿ ಒಂದೇ ಸರದಿಯ ನಲವತ್ತೊಂದು ಗಿಡ ಬಿಟ್ಟರೆ ಮೊಳಕೆ ನಿಂತಿಲ್ಲ, ನೀರಿನ ಮಟ್ಟ ಆದೇಶದಂತೆಯೇ ಇತ್ತು, ಕಾರಣ ತಿಳಿದುಬಂದಿಲ್ಲ.

“ಗಿಡಕ್ಕೇ ಬೆಳೆಯೋ ಮನಸ್ಸಿಲ್ಲ ಅಂದ್ರೆ ನಾವೇನು ಮಾಡೋಕಾಗುತ್ತೆ” ಎಂದರು ಇಂಜಿನಿಯರು, ಕಾಗದ ಮಡಿಸುತ್ತಾ. ಹಾಗಾದರೆ ಮುಚ್ಚಿಬಿಡೋಣ ಎಂಬುದು ಆ ಮಡಿಸುವಿಕೆಯಲ್ಲೇ ಇತ್ತು.

ಆಗ ಕಡ್ಡಿ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಿ, ಬೇಡ ಎಂಬಂತೆ ತುಸುವೇ ತಲೆಯಾಡಿಸಿದ. ಎರಡು ಕ್ಷಣವೂ ಇರಲಿಲ್ಲ. ದುರ್ಬೀನು ಬೇಕಾಗಿರಲಿಲ್ಲ; ನಾಲ್ಕು ಅಡಿ ದೂರದಲ್ಲಿ ನಡೆದದ್ದು.

“ಕಾರಣ ಗೊತ್ತಿದೆ” ಎಂದಳು ಹೆಂಡತಿ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ರಿಜಿಸ್ಟರಿನಲ್ಲಿ ಏಳು ಕಡೆ ಕೆಂಪು ಶಾಯಿಯಲ್ಲಿ ನಿಜವಾದ ಅಂಕಿ ಬರೆದಿಟ್ಟಿದ್ದಳು. ತೋರಿಸುವೆನೋ ಇಲ್ಲವೋ ಎಂದು ಆಗ ತನಗೇ ಗೊತ್ತಿರಲಿಲ್ಲ. ಈಗ ಇಂಜಿನಿಯರ ಮುಂದೆ ಬಿಚ್ಚಿಟ್ಟಳು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಎತ್ತರ. ಯಾವುದನ್ನೂ ಅವಳು ಮರೆತಿರಲಿಲ್ಲ.

ಇಂಜಿನಿಯರು ಬಹಳ ಹೊತ್ತು ಪುಟ ತಿರುವಿದರು. “ಕದ ಕೆಟ್ಟಿತ್ತಾ?”

“ಇಲ್ಲ ಸಾರ್. ಬಯಲ ಕಡೆ ನೋಡ್ತಾ ನಿಂತು ಇಳಿಸೋದು ಮರೆತೆ. ಒಂದು ಸಲ ಮರೆತೆ. ಆರು ಸಲ ಮರೀಲಿಲ್ಲ.”

“ಮತ್ತೆ ಯಾಕೆ?”

“ಅದು ರಿಜಿಸ್ಟರಿಗೆ ಬರೆಯೋ ವಿಷಯ ಅಲ್ಲ ಸಾರ್.”

ಕೆಳಗೆ ಕದದ ಸಂದಿಯಲ್ಲಿ ನೀರು ಸೋರುವ ಸದ್ದು ಕೇಳುತ್ತಿತ್ತು. ಇಂಜಿನಿಯರು ಗಂಡನ ಕಡೆ ನೋಡಿದರು, ಕಡ್ಡಿಯ ಕಡೆ ನೋಡಿದರು, ಆಮೇಲೆ ಜಾಣತನದಿಂದ ಅಳತೆಪಟ್ಟಿಯ ಕಡೆ ನೋಡಿದರು. ಸರಿಯಾಗಿ ನೀರು ಬಿಟ್ಟ ಒಂದೇ ಸಲ ನಲವತ್ತೊಂದು ಗಿಡ ನಿಂತಿದ್ದರೆ, ಇನ್ನೆರಡು ವರ್ಷ ಸರಿಯಾಗಿ ಬಿಟ್ಟು ನೋಡಬೇಕಾಗುತ್ತದೆ ಎಂದರು. ಚಕ್ರಕ್ಕೆ ಬೇರೆಯವರು ಬರುತ್ತಾರೆ. ಅವಳನ್ನು ಕೆಲಸದಿಂದ ತೆಗೆಯುವುದೋ, ಜೊಂಡು ಕೊಯ್ಯುವ ತಂಡಕ್ಕೆ ಹಾಕುವುದೋ ಮೇಲಿನವರಿಗೆ ಬಿಟ್ಟದ್ದು. ತಾನು ಜೊಂಡಿನ ತಂಡಕ್ಕೆ ಹಾಕಿ ಎಂದು ಬರೆಯುವುದಾಗಿಯೂ ಹೇಳಿದರು. ಕಡ್ಡಿ ಅಳುತ್ತಿದ್ದಳು. ಸಂತೋಷಕ್ಕೋ ಸಂಕಟಕ್ಕೋ ತಿಳಿಯಲಿಲ್ಲ, ಎರಡಕ್ಕೂ ಇರಬಹುದು. ಅವಳ ಮೇಲೆ ಸಿಟ್ಟು ಬರಲಿ ಎಂದು ಇವಳು ಕಾದಳು. ಬರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇತ್ತು, ಅಷ್ಟೇ ಬಿಸಿಯಾಗಿ.

ಗಂಡ ಹೆಂಡತಿ ಒಡ್ಡಿನ ಮೇಲೆ ಮನೆಯ ಕಡೆ ನಡೆದರು. ಅವನು ಯಾವಾಗಲೂ ಎರಡು ಹೆಜ್ಜೆ ಮುಂದೆ ನಡೆಯುವವನು, ಇವತ್ತು ಪಕ್ಕದಲ್ಲಿದ್ದ.

“ಯಾಕೆ ಹೇಳಿದೆ?” ಎಂದ ಅರ್ಧ ದಾರಿಯಲ್ಲಿ. “ನಾನು ಮುಚ್ಚಿಟ್ಟಿದ್ನಲ್ಲ. ನಿನಗೆ ಏನೂ ಆಗ್ತಿರಲಿಲ್ಲ.”

“ನೀವೊಬ್ಬರೇ ಮುಚ್ಚಿಟ್ಟಿದ್ದಿದ್ರೆ ನಾನೂ ಸುಮ್ಮನಿರ್ತಿದ್ದೆ” ಎಂದಳು.

ಅವನು ನಿಂತ. ಅವಳೂ ನಿಂತಳು. ಗಿಡಗಳಿಗಾಗಿ ಹೇಳಿದಳು, ಅವನ ಆರು ವರ್ಷದ ಕೆಲಸಕ್ಕಾಗಿ ಹೇಳಿದಳು ಎಂದು ಅವನು ಅಂದುಕೊಂಡಿದ್ದಿರಬೇಕು. ಹಾಗೆಯೇ ಅಂದುಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆಗಿಂತ, ತನ್ನ ಮನಸ್ಸು ಅವನಿಗೆ ಒಮ್ಮೆಯಾದರೂ ಗೊತ್ತಾಗಲಿ ಎಂಬ ಆಸೆ ದೊಡ್ಡದಾಗಿತ್ತು.

ಅವನು ನೀರಿನ ಕಡೆ ತಿರುಗಿ, “ಆ ಹುಡುಗಿ ಕೇಳ್ತಾ ಇರ್ತಾಳೆ. ಕೇಳಿದ್ದಕ್ಕೆ ಹೇಳ್ತೀನಿ. ನೀನು ಕೇಳೋದೇ ಇಲ್ಲ ಅಂದ್ಕೊಂಡಿದ್ದೆ” ಎಂದ.

ಸಮಾಧಾನಕ್ಕೆಂದು ಹೇಳಿದ್ದೇ. ಅಲ್ಲಿ ದಿನವೂ ಸಲೀಸಾಗಿ ಹರಿಯುವುದಕ್ಕೆ ಇಲ್ಲಿ ಹದಿನಾರು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಅದನ್ನು ನುಂಗಿಕೊಂಡು, ಕೇಳಲು ಏನಿದೆ ಎಂದು ಹುಡುಕಿದಳು. ಗಿಡದ ಬಗ್ಗೆ ಕೇಳಲು ಮುಖವಿರಲಿಲ್ಲ. ಉಳಿದದ್ದರ ಬಗ್ಗೆ ಹೇಗೆ ಕೇಳುವುದೆಂದು ತಿಳಿಯಲಿಲ್ಲ. ಅವನು ಕಾಯುತ್ತಾ ನಿಂತಿದ್ದ. ಒಡ್ಡಿನ ಇಕ್ಕೆಲದಲ್ಲೂ ನೀರು ಇಳಿಯುತ್ತಿತ್ತು, ಹೊರಗೆ ಬೇಗ, ಒಳಗೆ ನಿಧಾನ. ಅವಳ ಬಾಯಲ್ಲಿ ಮೊದಲ ಪ್ರಶ್ನೆ ಇನ್ನೂ ತಯಾರಾಗಿರಲಿಲ್ಲ.